ಮನೆ ರಿಪೇರಿಗೆ ಮೊದಲು ಯಾವ ಯಾವ ಸಾಮಾನು ಕೊಳ್ಳಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಾನು, ನನ್ನ ಹೆಂಡತಿ ಬೇರೆ ಮನೆ ಮಾಡಿದೆವು. ಇಷ್ಟು ದಿನ ಅಪ್ಪನ ಮನೆಯಲ್ಲಿದ್ದೆ. ಅಲ್ಲಿ ಸುತ್ತಿಗೆ, ಸ್ಪ್ಯಾನರ್, ಮೊಳೆ ಎಲ್ಲಾ ಮಂಚದ ಕೆಳಗಿನ ಹಳೇ ಟ್ರಂಕಿನಲ್ಲಿ ಇರುತ್ತಿತ್ತು. ಏನಾದರೂ ಕೆಟ್ಟರೆ ಅಪ್ಪ ಟ್ರಂಕ್ ಎಳೆಯುತ್ತಿದ್ದರು, ನಾನು ಟಾರ್ಚ್ ಹಿಡಿಯುತ್ತಿದ್ದೆ. ನನ್ನ ಅನುಭವ ಅಷ್ಟೇ. ಈ ಮನೆಯಲ್ಲಿ ನನ್ನ ಹತ್ತಿರ ಇರುವುದು ಒಂದೇ ಒಂದು ಟೆಸ್ಟರ್. ಯಾವ ಸ್ಕ್ರೂ ಇದ್ದರೂ ಅದರಲ್ಲೇ ತಿರುಗಿಸುತ್ತೇನೆ.

ಹೋದ ಭಾನುವಾರ ಅಡುಗೆಮನೆ ಕಪಾಟಿನ ಬಾಗಿಲು ಒಂದು ಕಡೆ ಜೋತುಬಿತ್ತು. ಹಿಂಜಿಗೆ ಎರಡು ಸ್ಟಾರ್ ಸ್ಕ್ರೂ ಇವೆ. ಮೇಲಿನದು ಸುಮ್ನೆ ಸುತ್ತುತ್ತದೆ, ಬಿಗಿಯಾಗುವುದೇ ಇಲ್ಲ. ಕೆಳಗಿನದು ತುಕ್ಕು ಹಿಡಿದು ಗಟ್ಟಿಯಾಗಿ ಕೂತಿದೆ. ಅದನ್ನು ಬಿಚ್ಚಲು ಟೆಸ್ಟರ್ ಇಟ್ಟು ಜೋರಾಗಿ ತಿರುಗಿಸಿದೆ. ಸ್ಕ್ರೂ ಕದಲಲಿಲ್ಲ, ಅದರ ತಲೆಯ ಸೀಳು ಮಾತ್ರ ಸವೆದು ಬಟ್ಟಲಿನ ಹಾಗೆ ಗುಂಡಗಾಯಿತು. ಇದರ ಜೊತೆಗೆ ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ. ಎಷ್ಟು ಬಿಗಿ ಮಾಡಿದರೂ ನಿಲ್ಲುತ್ತಿಲ್ಲ. ರಾತ್ರಿ ಮಲಗಿದಾಗ ಆ ಸದ್ದೇ ಕಿವಿಯಲ್ಲಿ.

ಸಣ್ಣಪುಟ್ಟ ಕೆಲಸ ನಾನೇ ಮಾಡಬೇಕು ಅಂತ ಮನಸ್ಸಿದೆ. ನೂರಕ್ಕೂ ಹೆಚ್ಚು ಪೀಸ್ ಇರುವ ದೊಡ್ಡ ಸೆಟ್ ಒಂದೇ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಅದನ್ನೇ ತೆಗೆದುಕೊಳ್ಳಲಾ? ಅಥವಾ ಬಿಡಿಬಿಡಿಯಾಗಿ ಕೊಳ್ಳುವುದು ಒಳ್ಳೆಯದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ 1

ನಾನು ಹದಿನೆಂಟು ವರ್ಷ ಒಂದು ಹಾಸ್ಟೆಲಿನ ರಿಪೇರಿ ಕೆಲಸ ನೋಡಿಕೊಂಡವನು. ದಿನಾ ಬೆಳಿಗ್ಗೆ ದೂರಿನ ಪುಸ್ತಕ ತೆರೆದರೆ ಚಿಲಕ, ಹಿಂಜು, ನಲ್ಲಿ, ಫ್ಯಾನು, ಮಂಚದ ಬೋಲ್ಟು, ಇವೇ ಇರುತ್ತಿದ್ದವು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ದೊಡ್ಡ ಸೆಟ್ ಬೇಡ. ಅದರಲ್ಲಿ ಮುಕ್ಕಾಲು ಪಾಲು ಸಣ್ಣ ಬಿಟ್ಟು, ಸಾಕೆಟ್ಟುಗಳೇ ಇರುತ್ತವೆ. ಅವು ಗಾಡಿ ರಿಪೇರಿಗೆ ಆಗುತ್ತವೆ, ಮನೆಯಲ್ಲಿ ಅಪರೂಪ. ನಿಮಗೆ ದಿನಾ ಬೇಕಾಗುವ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್ ಎರಡೂ ಅಂಥ ಸೆಟ್‌ನಲ್ಲಿ ಎಷ್ಟೋ ಸಲ ಮೆತ್ತನೆಯ ಕಬ್ಬಿಣದವು. ನಾಲ್ಕು ಗಟ್ಟಿ ಸ್ಕ್ರೂ ತಿರುಗಿಸುವಷ್ಟರಲ್ಲಿ ಅವುಗಳ ತುದಿಯೇ ಹೊರಳಿಹೋಗುತ್ತದೆ.

ನಿಮ್ಮ ಕಪಾಟಿನ ಸ್ಕ್ರೂ ಹಾಳಾದದ್ದು ನಿಮಗೆ ಕೆಲಸ ಬರುವುದಿಲ್ಲ ಅಂತ ಅಲ್ಲ. ಸಾಮಾನು ಅಳತೆಗೆ ಕೂಡಲಿಲ್ಲ, ಅದಕ್ಕೆ. ನಾನು ಕಂಡ ಹಾಗೆ ಮನೆ ರಿಪೇರಿಯಲ್ಲಿ ಕೆಡುವ ಹತ್ತು ವಸ್ತುಗಳಲ್ಲಿ ಏಳೆಂಟು ಹೀಗೇ ಕೆಡುತ್ತವೆ. ಸ್ಟಾರ್ ಸ್ಕ್ರೂಗೆ ಚಪ್ಪಟೆ ತುದಿಯ ಟೆಸ್ಟರ್ ಇಟ್ಟರೆ ಅದು ತಾಗುವುದು ಎರಡೇ ಕಡೆ. ಬಲವೆಲ್ಲಾ ಆ ಎರಡು ಅಂಚಿನ ಮೇಲೆ ಬೀಳುತ್ತದೆ, ಅಂಚು ಚೂರಾಗುತ್ತದೆ. ಸರಿಯಾದ ಸ್ಟಾರ್ ಸ್ಕ್ರೂಡ್ರೈವರ್ ನಾಲ್ಕೂ ರೆಕ್ಕೆಗಳಲ್ಲಿ ಕಚ್ಚಿ ಹಿಡಿಯುತ್ತದೆ.

ಆದ್ದರಿಂದ ಮೊದಲು ಸ್ಕ್ರೂಡ್ರೈವರ್. ಸ್ಟಾರ್‌ನಲ್ಲಿ 1 ಮತ್ತು 2 ಎಂಬ ಎರಡು ಸೈಜ್ ತೆಗೆದುಕೊಳ್ಳಿ. ಹಿಡಿಯ ಮೇಲೆ ಪಿಎಚ್1, ಪಿಎಚ್2 ಎಂದು ಬರೆದಿರುತ್ತದೆ. ಪಿಎಚ್ ಅಂದರೆ ಫಿಲಿಪ್ಸ್. 1936ರಲ್ಲಿ ಅಮೆರಿಕದ ಹೆನ್ರಿ ಫಿಲಿಪ್ಸ್ ಇದಕ್ಕೆ ಪೇಟೆಂಟ್ ಪಡೆದರು, ಆ ಹೆಸರೇ ನಿಂತಿತು. ಮನೆಯ ಹೆಚ್ಚಿನ ಸ್ಕ್ರೂಗಳಿಗೆ 2ನೇ ನಂಬರ್ ಆಗುತ್ತದೆ. ಆಟದ ಸಾಮಾನು, ರಿಮೋಟ್, ಸಣ್ಣ ಪ್ಲಗ್ಗುಗಳಿಗೆ 1. ಚಪ್ಪಟೆ ತುದಿಯದ್ದು ಒಂದು ಸಾಕು, ತುದಿ 5–6 ಮಿ.ಮೀ. ಅಗಲ ಇರಲಿ.

ಒಂದು ವಿಷಯ ಹತ್ತಿರದಿಂದ ನೋಡಿ. ಕೆಲವು ಸ್ಕ್ರೂಗಳ ತಲೆಯಲ್ಲಿ ದೊಡ್ಡ ಅಧಿಕ ಚಿಹ್ನೆಯ ತೋಳುಗಳ ನಡುವೆ ನಾಲ್ಕು ತೆಳ್ಳನೆಯ ಗೀರು ಇರುತ್ತವೆ. ಅವು ಫಿಲಿಪ್ಸ್ ಅಲ್ಲ, ಪೋಝಿಡ್ರೈವ್. ಬಿಡಿ ಭಾಗಗಳಾಗಿ ಬಂದು ನಾವೇ ಜೋಡಿಸುವ ಪೀಠೋಪಕರಣಗಳಲ್ಲಿ, ಕಪಾಟಿನ ಹಿಂಜುಗಳಲ್ಲಿ ಇವು ಜಾಸ್ತಿ. ಪಿಎಚ್2 ಇಟ್ಟರೆ ಕೂತ ಹಾಗೆ ಕಾಣುತ್ತದೆ, ಬಲ ಹಾಕಿದ ಕೂಡಲೇ ಮೇಲೆ ಹಾರುತ್ತದೆ. ಇದಕ್ಕೆ ಪಿಝಡ್2 ಬೇಕು. ನಿಮ್ಮ ಹಿಂಜಿನ ಸ್ಕ್ರೂ ಯಾವುದು ಅಂತ ಟಾರ್ಚ್ ಹಾಕಿ ನೋಡಿಕೊಂಡೇ ಅಂಗಡಿಗೆ ಹೋಗಿ.

ಆಮೇಲೆ ಕಟಿಂಗ್ ಪ್ಲೇಯರ್ ಒಂದು, ಎಂಟು ಇಂಚಿನದು. ಹಿಡಿಯುವುದು, ಬಗ್ಗಿಸುವುದು, ತಂತಿ ಕತ್ತರಿಸುವುದು ಎಲ್ಲ ಅದರಲ್ಲೇ. ಕೊಳ್ಳುವಾಗ ಅದರ ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ಕತ್ತರಿಸುವ ಎರಡು ಅಂಚಿನ ನಡುವೆ ಬೆಳಕು ಕಂಡರೆ ಅದು ಬೇಡ.

ನಲ್ಲಿ ಕೆಲಸಕ್ಕೆ ಹತ್ತು ಇಂಚಿನ ಅಡ್ಜಸ್ಟಬಲ್ ಸ್ಪ್ಯಾನರ್. ಇದನ್ನು ಯಾರೂ ಹೇಳಿಕೊಡುವುದಿಲ್ಲ, ನಾನು ಕೆಡಿಸಿಯೇ ಕಲಿತೆ. ಕೆಲಸಕ್ಕೆ ಸೇರಿದ ಮೊದಲ ವಾರ ಹೊಳೆಯುವ ಹೊಸ ನಲ್ಲಿಯ ನಟ್ಟಿಗೆ ಪ್ಲೇಯರ್ ಹಾಕಿ ತಿರುಗಿಸಿದೆ. ನಟ್ಟಿನ ಆರೂ ಮೂಲೆ ತರಿದುಹೋದವು, ಹೊಳಪಿನ ಮೇಲೆ ಹಲ್ಲಿನ ಗುರುತು ಬಿದ್ದಿತು. ಆ ನಲ್ಲಿಯನ್ನು ನಾನು ಹದಿನೆಂಟು ವರ್ಷವೂ ನೋಡಬೇಕಾಯಿತು. ನಟ್ಟಿಗೆ ಸ್ಪ್ಯಾನರೇ ಬೇಕು. ಅದರ ಬಾಯಿಯನ್ನು ನಟ್ಟಿಗೆ ಅಂಟುವ ತನಕ ಬಿಗಿ ಮಾಡಬೇಕು. ಯಾವ ಕಡೆಗೆ ಎಳೆಯುತ್ತೀರೋ ಆ ಕಡೆಗೆ ಜರುಗುವ ದವಡೆ ಇರಬೇಕು, ಆಗ ಹೊರೆ ಗಟ್ಟಿ ದವಡೆಯ ಮೇಲೆ ಬೀಳುತ್ತದೆ. ಉಲ್ಟಾ ಹಿಡಿದರೆ ಜಾರಿ, ನಿಮ್ಮ ಬೆರಳ ಗೆಣ್ಣು ಗೋಡೆಗೆ ಬಡಿಯುತ್ತದೆ. ನಟ್ಟಿಗೆ ಹೊಳಪಿದ್ದರೆ ಒಂದು ಸುತ್ತು ಬಟ್ಟೆ ಸುತ್ತಿ.

ಸುತ್ತಿಗೆ ಹಿಂದೆ ಕೊಂಬಿರುವಂಥದ್ದು, ತಲೆಯ ತೂಕ ಸುಮಾರು 450 ಗ್ರಾಂ. ಅಳತೆ ಟೇಪು 5 ಮೀಟರಿನದು. ಬ್ಲೇಡ್ ಮುರಿದುಕೊಳ್ಳುವ ಚಾಕು. ತಲೆಯಲ್ಲಿ ಆರು ಮೂಲೆಯ ಗುಂಡಿ ಇರುವ ಸ್ಕ್ರೂಗಳಿಗೆ ಅಲೆನ್ ಕೀ ಸೆಟ್ ಒಂದು. ಇನ್ಸುಲೇಷನ್ ಟೇಪ್, ನಲ್ಲಿಯ ಎಳೆಗೆ ಸುತ್ತುವ ಟೆಫ್ಲಾನ್ ಟೇಪ್, ಮರದ ಗೋಂದು. ಕಣ್ಣಿಗೆ ಒಂದು ಕನ್ನಡಕ. ಈ ಕನ್ನಡಕವನ್ನು ಮಾತ್ರ ‘ಆಮೇಲೆ ನೋಡೋಣ’ ಅನ್ನಬೇಡಿ. ಸುತ್ತಿಗೆಯ ಏಟಿಗೆ ಮೊಳೆ ಎಗರಿದರೆ ಎಲ್ಲಿಗೆ ಹೋಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ.

ಈಗ ನಿಮ್ಮ ಕಪಾಟು. ಸವೆದ ಸ್ಕ್ರೂ ಮೇಲೆ ಅಗಲವಾದ ರಬ್ಬರ್ ಬ್ಯಾಂಡ್ ಇಡಿ, ಅದರ ಮೇಲೆ ಸರಿಯಾದ ಸೈಜಿನ ಸ್ಕ್ರೂಡ್ರೈವರ್ ಇಟ್ಟು, ತಿರುಗಿಸುವುದಕ್ಕಿಂತ ಒತ್ತುವುದಕ್ಕೆ ಹೆಚ್ಚು ಬಲ ಹಾಕಿ. ನಿಧಾನವಾಗಿ ತಿರುಗಿಸಿ. ಅದಕ್ಕೂ ಮೊದಲು ತುಕ್ಕು ಸಡಿಲ ಮಾಡುವ ಡಬ್ಲ್ಯೂಡಿ-40 ಎಣ್ಣೆ ಒಂದು ಹನಿ ಬಿಟ್ಟು ಕಾಲು ಗಂಟೆ ಕಾಯಿರಿ. ತಲೆ ಒಂದಿಷ್ಟು ಮೇಲೆದ್ದಿದ್ದರೆ ಇನ್ನೂ ಸುಲಭ, ಪ್ಲೇಯರಿನಲ್ಲಿ ಕಚ್ಚಿ ಹಿಡಿದು ತಿರುಗಿಸಿ. ಆ ಸ್ಕ್ರೂ ಮತ್ತೆ ಹಾಕಬೇಡಿ, ಹೊಸದು ತನ್ನಿ.

ಸುಮ್ನೆ ಸುತ್ತುವ ಮೇಲಿನ ಸ್ಕ್ರೂಗೆ ರೋಗ ಬೇರೆ. ಅಲ್ಲಿ ತೂತು ದೊಡ್ಡದಾಗಿದೆ, ಸ್ಕ್ರೂವಿನ ಎಳೆಗೆ ಕಚ್ಚಿಕೊಳ್ಳಲು ಮರವೇ ಉಳಿದಿಲ್ಲ. ಮರದ ಬೆಂಕಿಕಡ್ಡಿ ನಾಲ್ಕೈದು ತೆಗೆದುಕೊಂಡು ಮದ್ದಿನ ತಲೆ ಮುರಿದು ಹಾಕಿ. ಕಡ್ಡಿಗಳನ್ನು ಮರದ ಗೋಂದಿನಲ್ಲಿ ಅದ್ದಿ ತೂತಿನೊಳಗೆ ತುರುಕಿ. ಇನ್ನೊಂದು ಕಡ್ಡಿ ಹಿಡಿಸುವುದೇ ಇಲ್ಲ ಅನ್ನುವಷ್ಟು ತುಂಬಬೇಕು. ಒಂದು ರಾತ್ರಿ ಒಣಗಲಿ. ಬೆಳಿಗ್ಗೆ ಹೊರಗೆ ಉಳಿದದ್ದನ್ನು ಚಾಕುವಿನಲ್ಲಿ ಸಮ ಮಾಡಿ, ಮಧ್ಯದಲ್ಲಿ ಮೊಳೆಯಿಂದ ಸಣ್ಣ ಗುಳಿ ಮಾಡಿ, ಸ್ಕ್ರೂ ಹಾಕಿ. ಹೊಸ ಮರಕ್ಕೆ ಹೋದ ಹಾಗೆ ಕಚ್ಚುತ್ತಾ ಹೋಗುತ್ತದೆ. ‘ಸಡಿಲ ಇದೆಯಲ್ಲ, ಉದ್ದದ ಸ್ಕ್ರೂ ಹಾಕೋಣ’ ಅಂತ ಮಾತ್ರ ಮಾಡಬೇಡಿ. ಹಲಗೆ 18 ಮಿ.ಮೀ. ದಪ್ಪ ಇದ್ದರೆ 25ರ ಸ್ಕ್ರೂ ಆ ಕಡೆಯಿಂದ ತಲೆ ಹಾಕುತ್ತದೆ.

ನಲ್ಲಿ ವಿಷಯ. ಮುಚ್ಚಲು ಹಲವು ಸುತ್ತು ತಿರುಗಿಸಬೇಕಾದ ನಲ್ಲಿಯಾದರೆ ಒಳಗಿನ ರಬ್ಬರ್ ವಾಷರ್ ಸವೆದಿದೆ. ಎಷ್ಟು ಬಿಗಿ ಮಾಡಿದರೂ ಅದು ಇನ್ನೂ ಜಜ್ಜಿಹೋಗುತ್ತದೆಯೇ ಹೊರತು ನೀರು ನಿಲ್ಲುವುದಿಲ್ಲ. ಮೊದಲು ಕೆಳಗಿನ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರು ಬಿಟ್ಟುಬಿಡಿ. ಬಚ್ಚಲ ತೂತಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಸಣ್ಣ ಸ್ಕ್ರೂ ನೇರ ಅಲ್ಲಿಗೇ ಬೀಳುತ್ತದೆ. ಬಿಚ್ಚಿದ್ದನ್ನು ಒಂದು ಟವೆಲ್ ಮೇಲೆ ಎಡದಿಂದ ಬಲಕ್ಕೆ ಸಾಲಾಗಿ ಇಡುತ್ತಾ ಬನ್ನಿ. ಜೋಡಿಸುವಾಗ ಬಲದಿಂದ ಎಡಕ್ಕೆ. ಹಳೇ ವಾಷರನ್ನೇ ಅಂಗಡಿಗೆ ಒಯ್ಯಿರಿ, ಅಂದಾಜಿನಲ್ಲಿ ತರಬೇಡಿ. ಕಾಲು ಸುತ್ತಿಗೇ ತೆರೆದು ಮುಚ್ಚುವ ನಲ್ಲಿಯಾದರೆ ಒಳಗೆ ಸೆರಾಮಿಕ್ ಬಿಲ್ಲೆಯ ಕಾರ್ಟ್ರಿಡ್ಜ್ ಇರುತ್ತದೆ, ಅದನ್ನು ಇಡಿಯಾಗಿ ಬದಲಾಯಿಸಬೇಕು.

ಉತ್ತರ 2

ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ವೈರಿಂಗ್ ಕೆಲಸ ಮಾಡುವವಳು, ಟೆಸ್ಟರ್ ಬಗ್ಗೆ ಮಾತ್ರ ಹೇಳುತ್ತೇನೆ. ಅದರಲ್ಲಿ ದಯವಿಟ್ಟು ಸ್ಕ್ರೂ ತಿರುಗಿಸಬೇಡಿ. ಅದರ ಕಂಬಿಯ ಮೇಲಿನ ಪ್ಲಾಸ್ಟಿಕ್ ಕವಚ ಜರುಗುತ್ತದೆ, ಬಿರುಕು ಬಿಡುತ್ತದೆ. ಆಮೇಲೆ ಅದೇ ಟೆಸ್ಟರನ್ನು ಕರೆಂಟಿಗೆ ಹಿಡಿಯುತ್ತೀರಿ.

ಇನ್ನೊಂದು. ಟೆಸ್ಟರ್ ಹೊತ್ತಿಕೊಂಡರೆ ಕರೆಂಟ್ ಇದೆ ಅನ್ನಬಹುದು. ಹೊತ್ತದಿದ್ದರೆ ಕರೆಂಟ್ ಇಲ್ಲ ಅಂತ ನಂಬಬೇಡಿ. ಅದರೊಳಗಿನ ನಿಯಾನ್ ದೀಪ ನಿಮ್ಮ ಮೈಯ ಮೂಲಕ ಹರಿಯುವ ಅತಿ ಸಣ್ಣ ಕರೆಂಟಿನಿಂದ ಹೊತ್ತುತ್ತದೆ. ಒಣ ಮರದ ಸ್ಟೂಲ್ ಮೇಲೆ ನಿಂತಿದ್ದರೆ ಬೆಳಕು ಮಂಕಾಗುತ್ತದೆ. ಹಗಲಿನ ಬೆಳಕಿನಲ್ಲಿ ಕಾಣುವುದೇ ಇಲ್ಲ. ಒಳಗಿನ ದೀಪವೇ ಸತ್ತಿರಬಹುದು. ಹಾಗಾಗಿ ಕರೆಂಟ್ ಇದೆ ಅಂತ ಖಾತ್ರಿ ಇರುವ ಪಾಯಿಂಟಿನಲ್ಲಿ ಮೊದಲು ಹಿಡಿದು ನೋಡಿ. ಆಮೇಲೆ ಕೆಲಸ ಮಾಡುವ ಜಾಗದಲ್ಲಿ. ಮತ್ತೆ ಮೊದಲಿನ ಪಾಯಿಂಟಿಗೆ ಬಂದು ಹಿಡಿಯಿರಿ. ಮೊದಲ ಸಲ, ಕೊನೆಯ ಸಲ ಹೊತ್ತಿ, ನಡುವಿನ ಸಲ ಹೊತ್ತದಿದ್ದರೆ ಮಾತ್ರ ಮುಂದೆ. ಕೈಗೆ ಒಗ್ಗಿದ ಮೇಲೆ ಒಂದು ಮಲ್ಟಿಮೀಟರ್ ತೆಗೆದುಕೊಳ್ಳಿ, ಅದು ಇನ್ನೂ ಭರವಸೆಯದು.

ಸ್ವಿಚ್ ಆಫ್ ಮಾಡಿದರೆ ಸಾಲದು, ಎಂಸಿಬಿ, ಅಂದರೆ ಆ ಸಾಲಿನ ಕರೆಂಟನ್ನೇ ಕಡಿಯುವ ಸ್ವಿಚ್ಚು, ಕೆಳಗಿಳಿಸಬೇಕು. ಮನೆಯವರಿಗೆ ಹೇಳಿಯೇ ಇಳಿಸಿ. ನೀವು ಒಳಗೆ ಕೈ ಇಟ್ಟಿರುವಾಗ ಯಾರೋ ಬಂದು ‘ಅಯ್ಯೋ, ಟ್ರಿಪ್ ಆಗಿದೆ’ ಅಂತ ಮೇಲೆತ್ತಿಬಿಡುತ್ತಾರೆ. ನಾನು ಕೆಲಸ ಮಾಡುವಾಗ ಎಂಸಿಬಿ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿ ಒಂದು ಚೀಟಿ ಇಡುತ್ತೇನೆ. ಮೀಟರ್ ಬೋರ್ಡ್, ಗ್ಯಾಸ್ ಪೈಪ್ ಇವೆರಡಕ್ಕೆ ಯಾವ ಕಾರಣಕ್ಕೂ ಕೈ ಹಾಕಬೇಡಿ.

ಉತ್ತರ 3

ಸೆಟ್ ಬಗ್ಗೆ ನನ್ನದೊಂದು ಮಾತು. ನಾನು ದೊಡ್ಡ ಸೆಟ್ಟೇ ಕೊಂಡೆ. ನಾಲ್ಕು ವರ್ಷದಲ್ಲಿ ಬಳಸಿದ್ದು ಎಣಿಸಿ ಒಂಬತ್ತು ಸಾಮಾನು. ಆದರೆ ಎಲ್ಲಕ್ಕೂ ಅದರದೇ ಆದ ಗುಂಡಿ ಇರುವ ಪೆಟ್ಟಿಗೆ ಬಹಳ ಇಷ್ಟವಾಯಿತು. ಏನಾದರೂ ಕಳೆದಿದ್ದರೆ ಮುಚ್ಚುವಾಗಲೇ ಖಾಲಿ ಗುಂಡಿ ಕಾಣುತ್ತದೆ. ಬಿಡಿಯಾಗಿ ಕೊಳ್ಳುವವರು ಒಂದು ಹಳೇ ಪ್ಯಾಂಟಿನ ಬಟ್ಟೆಯಲ್ಲಿ ಸಾಲಾಗಿ ಜೇಬು ಹೊಲಿಸಿಕೊಂಡರೂ ಆಗುತ್ತದೆ. ಸುರುಳಿ ಸುತ್ತಿ ಕಟ್ಟಿಡಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಾರ್ಚ್ ಹಾಕಿ ನೋಡಿದೆ, ಸಾರ್. ನೀವು ಹೇಳಿದ ಆ ನಾಲ್ಕು ತೆಳ್ಳನೆಯ ಗೀರು ಮೇಲಿನ ಸ್ಕ್ರೂನಲ್ಲಿ ಇದ್ದವು! ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ. ಪಿಝಡ್2 ತಂದೆ. ಸವೆದ ಸ್ಕ್ರೂ ರಬ್ಬರ್ ಬ್ಯಾಂಡಿಗೆ ಎರಡು ಸಲ ಜಾರಿತು, ಮೂರನೇ ಸಲ ‘ಟಕ್’ ಅಂತ ಸದ್ದು ಮಾಡಿ ಬಿಟ್ಟುಕೊಂಡಿತು. ಆ ಸದ್ದಿಗೆ ನನಗೆ ಆದ ಸಂತೋಷ ಹೇಳಲಾರೆ. ಬೆಂಕಿಕಡ್ಡಿ ಐದು ಹಿಡಿದವು. ಬಾಗಿಲು ಈಗ ನೆಟ್ಟಗೆ ಮುಚ್ಚುತ್ತದೆ. ನಲ್ಲಿಯ ವಾಷರ್ ತೆಗೆದು ನೋಡಿದರೆ ಒಂದು ಕಡೆ ಆಳವಾದ ಗೆರೆ ಬಿದ್ದಿತ್ತು. ಹೊಸದು ಹಾಕಿದೆ, ತೊಟ್ಟಿಕ್ಕುವುದು ನಿಂತಿದೆ.

ಈಗ ಆಸೆ ಜಾಸ್ತಿಯಾಗಿದೆ. ಗೋಡೆಗೆ ಪುಸ್ತಕದ ಶೆಲ್ಫ್ ಹಾಕಬೇಕು, ಎರಡೂವರೆ ಅಡಿ ಉದ್ದ. ಅದಕ್ಕೆ ಡ್ರಿಲ್ ಮೆಷಿನ್ ಕೊಳ್ಳಲೇಬೇಕಾ?

ಉತ್ತರ 1

ಬಹಳ ಖುಷಿಯಾಯಿತು. ಆ ‘ಟಕ್’ ಸದ್ದು ನನಗೂ ಗೊತ್ತು.

ಡ್ರಿಲ್ ಈಗಲೇ ಕೊಳ್ಳಬೇಡಿ. ಮೊದಲ ಸಲ ಯಾರ ಹತ್ತಿರವಾದರೂ ಕೇಳಿ ತನ್ನಿ, ಇಲ್ಲವೇ ಬಾಡಿಗೆಗೆ ತನ್ನಿ. ವರ್ಷಕ್ಕೆ ಮೂರು ಸಲ ಬೇಕಾಯಿತು ಅಂದರೆ ಆಗ ಕೊಳ್ಳಿ. ಗೋಡೆಗೆ ಹ್ಯಾಮರ್ ಇರುವ ಡ್ರಿಲ್ಲೇ ಬೇಕು, ಬಿಟ್ ಕೂಡ ಗೋಡೆಯದ್ದೇ ಆಗಬೇಕು. ಅದರ ತುದಿಯಲ್ಲಿ ಬೇರೆ ಲೋಹದ ಅಗಲವಾದ ತುಂಡು ಬೆಸೆದಿರುತ್ತದೆ, ನೋಡಿದರೆ ಗೊತ್ತಾಗುತ್ತದೆ. ಕಬ್ಬಿಣಕ್ಕೆ ಬಳಸುವ ಬಿಟ್ ಹಾಕಿದರೆ ಗೋಡೆಯ ಬದಲು ಬಿಟ್ಟೇ ಸವೆಯುತ್ತದೆ.

ಜಾಗ ಗುರುತು ಮಾಡುವ ಮೊದಲು ಆ ಗೋಡೆಯ ಸ್ವಿಚ್ಚು, ಪಾಯಿಂಟುಗಳು ಎಲ್ಲಿವೆ ನೋಡಿ. ವೈರು ಸಾಮಾನ್ಯವಾಗಿ ಅವುಗಳಿಂದ ನೇರ ಮೇಲಕ್ಕೆ, ಕೆಳಕ್ಕೆ ಅಥವಾ ಅಡ್ಡಕ್ಕೆ ಹೋಗಿರುತ್ತದೆ. ಆ ಗೆರೆಗಳಲ್ಲಿ ಕೊರೆಯಬೇಡಿ. ನಲ್ಲಿಯ ಮೇಲೆ ಕೆಳಗೆ ಪೈಪಿಗೂ ಇದೇ ಮಾತು.

ಶೆಲ್ಫ್ ಸಮ ಇರಬೇಕಾದರೆ ರಸಮಟ್ಟ ಬೇಕು. ಒಂದು ಅಡಿಯದ್ದು ಸಾಕು. ಅಂಗಡಿಯಲ್ಲೇ ಅದನ್ನು ಪರೀಕ್ಷೆ ಮಾಡಿ. ಮೇಜಿನ ಮೇಲಿಟ್ಟು ಗುಳ್ಳೆ ಎಲ್ಲಿ ನಿಂತಿತು ನೋಡಿ. ಅದೇ ಜಾಗದಲ್ಲಿ ಎಡದ ತುದಿ ಬಲಕ್ಕೆ ಬರುವ ಹಾಗೆ ತಿರುಗಿಸಿ ಇಡಿ. ಗುಳ್ಳೆ ಮತ್ತೆ ನಿಮ್ಮ ಅದೇ ಕೈಯ ಕಡೆಗೆ, ಅಷ್ಟೇ ದೂರ ನಿಂತರೆ ರಸಮಟ್ಟ ಸರಿ ಇದೆ, ಮೇಜು ಬೇಕಾದರೆ ಓರೆ ಇರಲಿ. ಬೇರೆ ಕಡೆ ನಿಂತರೆ ಅದನ್ನು ವಾಪಸ್ ಇಡಿ. ಗಾರೆ ಕೆಲಸದವರು ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ಮಟ್ಟ ನೋಡುತ್ತಾರಲ್ಲ, ಗೋಡೆಯ ಈ ತುದಿಯಿಂದ ಆ ತುದಿಗೆ ಗುರುತು ಮಾಡಲು ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಟ್ಯೂಬಿನಲ್ಲಿ ಗಾಳಿಗುಳ್ಳೆ ಮಾತ್ರ ಇರಬಾರದು.

ವಾಲ್ ಪ್ಲಗ್, ಅಂದರೆ ಸ್ಕ್ರೂ ಹಿಡಿಯಲು ಗೋಡೆಯ ತೂತಿಗೆ ಹಾಕುವ ಪ್ಲಾಸ್ಟಿಕ್ ಕೊಳವೆ, 8 ಮಿ.ಮೀ. ಆದರೆ ಬಿಟ್ ಕೂಡ 8. ಅಲ್ಲಿಯೂ ಅಳತೆ ಕೂಡಬೇಕು. ಪ್ಲಗ್ಗನ್ನು ಬಿಟ್ಟಿನ ಪಕ್ಕ ಹಿಡಿದು, ಅದಕ್ಕಿಂತ ಅರ್ಧ ಸೆಂ.ಮೀ. ಹೆಚ್ಚು ಅಳತೆಗೆ ಬಿಟ್ಟಿನ ಸುತ್ತ ಇನ್ಸುಲೇಷನ್ ಟೇಪ್ ಸುತ್ತಿ. ಟೇಪ್ ಗೋಡೆಗೆ ತಾಗಿದರೆ ಆಳ ಸಾಕು. ಗುರುತಿನ ಕೆಳಗೆ ಒಂದು ಹಾಳೆಯನ್ನು ಮಡಚಿ ಗೋಡೆಗೆ ಅಂಟಿಸಿದರೆ ಪುಡಿಯೆಲ್ಲಾ ಅದರಲ್ಲೇ ಬೀಳುತ್ತದೆ. ಕೊರೆದಾದ ಮೇಲೆ ತೂತಿನೊಳಗಿನ ಪುಡಿ ಊದಿ ತೆಗೆಯಿರಿ. ಪುಡಿ ಉಳಿದರೆ ಪ್ಲಗ್ ಹಿಡಿಯುವುದಿಲ್ಲ. ಊದುವಾಗ ಕನ್ನಡಕ ಹಾಕಿಕೊಂಡಿರಿ.

ಪ್ಲಗ್ಗನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಒಳಗೆ ಕೂರಿಸಿ. ಬೆರಳಿನಲ್ಲೇ ಸರಾಗ ಹೋದರೆ ತೂತು ದೊಡ್ಡದಾಗಿದೆ ಅಂತ ಅರ್ಥ, ಅದಕ್ಕೆ ಪುಸ್ತಕದ ಭಾರ ಹಾಕಬೇಡಿ.

ಪ್ರಶ್ನೆ ಕೇಳಿದವರು

ಶೆಲ್ಫ್ ಕೂತಿತು. ರಸಮಟ್ಟದ ಗುಳ್ಳೆ ಮಧ್ಯದಲ್ಲೇ ನಿಂತಿದೆ. ಎರಡು ದಿನ ಪುಸ್ತಕ ಇಟ್ಟು ನೋಡಿದೆ, ಕದಲಿಲ್ಲ.

ಇನ್ನೊಂದೇ ಒಂದು ಅನುಮಾನ. ಹೊಸ ಅಳತೆ ಟೇಪಿನ ತುದಿಯ ಕೊಕ್ಕೆ ಲೊಡಲೊಡ ಅಲ್ಲಾಡುತ್ತದೆ. ಎಳೆದರೆ ಸ್ವಲ್ಪ ಮುಂದೆ ಬರುತ್ತದೆ, ಒತ್ತಿದರೆ ಹಿಂದೆ ಹೋಗುತ್ತದೆ. ವಾಪಸ್ ಕೊಟ್ಟು ಬೇರೆ ತರಲಾ, ಅಥವಾ ಸುತ್ತಿಗೆಯಲ್ಲಿ ರಿವಿಟ್ ಬಡಿದು ಬಿಗಿ ಮಾಡಲಾ?

ಉತ್ತರ 1

ಬಡಿಯಬೇಡಿ! ಅದು ಬೇಕೆಂದೇ ಹಾಗೆ ಮಾಡಿದ್ದು. ಕೊಕ್ಕೆಯ ತಗಡು ಎಷ್ಟು ದಪ್ಪ ಇದೆಯೋ ಅಷ್ಟೇ ಅದು ಅಲ್ಲಾಡುತ್ತದೆ. ಹಲಗೆಯ ಅಂಚಿಗೆ ಕೊಕ್ಕೆ ಸಿಕ್ಕಿಸಿ ಎಳೆದಾಗ ಅಳತೆ ಶುರುವಾಗುವುದು ಕೊಕ್ಕೆಯ ಒಳಮೈಯಿಂದ. ಕಪಾಟಿನೊಳಗೆ ಗೋಡೆಗೆ ಒತ್ತಿ ಹಿಡಿದಾಗ ಶುರುವಾಗುವುದು ಹೊರಮೈಯಿಂದ. ನಡುವಿನ ಆ ತಗಡಿನ ದಪ್ಪವನ್ನು ಕೊಕ್ಕೆಯೇ ಹಿಂದೆ ಮುಂದೆ ಜರುಗಿ ಸರಿಮಾಡುತ್ತದೆ. ಬಿಗಿ ಮಾಡಿದರೆ ಎರಡರಲ್ಲಿ ಒಂದು ಅಳತೆ ಯಾವಾಗಲೂ ಒಂದು ಮಿಲಿಮೀಟರಿನಷ್ಟು ತಪ್ಪು ಬರುತ್ತದೆ.

ಬೇಕಾದರೆ ಹೀಗೆ ನೋಡಿ. ಒಂದು ಪುಸ್ತಕದ ಅಗಲವನ್ನು ಕೊಕ್ಕೆ ಸಿಕ್ಕಿಸಿ ಅಳೆಯಿರಿ. ಆಮೇಲೆ ಅದೇ ಪುಸ್ತಕವನ್ನು ಗೋಡೆಗೆ ತಾಗಿಸಿ ಇಟ್ಟು, ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಅಳೆಯಿರಿ. ಎರಡೂ ಒಂದೇ ಬಂದರೆ ನಿಮ್ಮ ಟೇಪು ಚೆನ್ನಾಗಿದೆ.